ಐದೂವರೆ ಅಡಿ ತೇಗ

ಪಿರಿಯಾಪಟ್ಟಣ,
ಭಾನುವಾರ

ಸರಗೂರಿನ ಚಿಕ್ಕಬಸಪ್ಪ ಮಾವನಿಗೆ ಅಕ್ಕನ ಮಗಳು ಪುಟ್ಟಿಯ ಶರಣು.

ಈ ಪತ್ರವನ್ನು ನಿಮಗಿಂತ ಮೊದಲು ತೇಜಸ್ ಒಡೆದು ಓದುತ್ತಾನೆ ಎಂಬ ಅನುಮಾನ ನನಗಿದೆ. ಲೋ ತೇಜಸ್, ಓದುತ್ತಿದ್ದರೆ ಇಲ್ಲಿಗೇ ನಿಲ್ಲಿಸಿ, ಮಡಿಸಿ, ನಿಮ್ಮಪ್ಪನ ಕೈಗೆ ಕೊಡು. ನಿನ್ನ ಮೊಬೈಲ್ ಅಂಗಡಿಯ ಗಿರಾಕಿಗಳ ಮುಂದೆ ಓದಿ ಹೇಳುವ ಕಾಗದ ಇದಲ್ಲ.

ಫೋನಿನಲ್ಲೇ ಹೇಳಬಹುದಿತ್ತು. ಹೋದ ತಿಂಗಳಿಂದ ಏಳು ಸಲ ಮಾಡಿದ್ದೇನೆ. ಏಳು ಸಲವೂ ಅತ್ತೆಯೇ ಎತ್ತಿ, "ಅವ್ರು ಗದ್ದೆ ಕಡೀಕೆ ಓಗವ್ರೆ ಕಣವ್ವ" ಎಂದರು. ಬೆಳಿಗ್ಗೆ ಆರಕ್ಕೂ ಗದ್ದೆ, ಸಂಜೆ ಏಳಕ್ಕೂ ಗದ್ದೆ. ನಾಲ್ಕನೆಯ ಸಲ ಹಿಂದಿನಿಂದ ನೀವು ಕೆಮ್ಮಿದ್ದು ನನಗೆ ಕೇಳಿಸಿತು ಮಾವ. ಆ ಕೆಮ್ಮನ್ನು ನಾನು ಸಂತೆಯಲ್ಲಿ ನಿಂತರೂ ಗುರುತು ಹಿಡಿಯುತ್ತೇನೆ. ಅದಕ್ಕೇ ಸ್ಪೀಡ್ ಪೋಸ್ಟ್ ಮಾಡುತ್ತಿದ್ದೇನೆ, ನಿಮ್ಮ ಸಹಿ ಬೀಳಲಿ ಎಂದು.

ನನ್ನ ಸ್ವಭಾವ ನಿಮಗೆ ಹೊಸದಲ್ಲ. ಗ್ಯಾಸ್ ಸಿಲಿಂಡರನ್ನು ತೂಗಿಸದೆ ಹೊಸ್ತಿಲು ದಾಟಿಸುವವಳಲ್ಲ ನಾನು. ಹಾಲಿನವನು ಲೀಟರನ್ನು ಓರೆ ಮಾಡುತ್ತಾನೋ ಎಂದು ಅವನ ಮಣಿಕಟ್ಟನ್ನೇ ನೋಡುತ್ತಿರುತ್ತೇನೆ. ಕಡ್ಲೆಪುರಿ ಮಾರುವ ತಿಮ್ಮಮ್ಮನ ಸೇರಿನ ತಳ ಒಳಕ್ಕೆ ಗುದ್ದಿದೆಯೇ ಎಂದು ಬೆರಳಾಡಿಸಿ ನೋಡಿ ಅವಳಿಂದ ಬೀದಿಗೆಲ್ಲ ಕೇಳಿಸುವಂತೆ ಬೈಸಿಕೊಂಡಿದ್ದೇನೆ. ನಮ್ಮ ಮನೆಯವರಂತೂ, "ಇವ್ಳು ತೀರ್ಥನೂ ಎಷ್ಟು ಮಿಲೀ ಅಂತ ಕೇಳ್ತಾಳೆ ಕಣ್ರೀ" ಎಂದು ನೆಂಟರ ಮುಂದೆ ನಗಾಡುತ್ತಾರೆ. ನಗಲಿ. ಕಣ್ಣಿಗೆ ಕಂಡದ್ದನ್ನು ಕೇಳದೆ ಬಿಟ್ಟರೆ ಆಮೇಲೆ ತಲೆ ಚಚ್ಚಿಕೊಳ್ಳುವವಳೂ ನಾನೇ.

ಆದರೆ ಈ ಬುದ್ಧಿ ಕಲಿಸಿದವರು ಯಾರು? ನೀವೇ. ಅಪ್ಪ ತೀರಿಹೋದ ವರ್ಷ ನಾನು ಏಳನೇ ಕ್ಲಾಸು. ರಜೆ ಬಂತೆಂದರೆ ನೀವು ನನ್ನನ್ನು ಹುಣಸೂರಿಗೆ ಕರೆದುಕೊಂಡು ಹೋಗಿ ಮರದ ಮಿಲ್ಲಿನ ಹಿಂದಿನ ನಿಮ್ಮ ಒಂಟಿ ಕೋಣೆಯಲ್ಲಿ ಇಟ್ಟುಕೊಳ್ಳುತ್ತಿದ್ದಿರಿ. ಅಲ್ಲಿನ ಸಂತೆಯಲ್ಲಿ ಅವರೆಕಾಯಿ ಕೊಳ್ಳುವಾಗ ಹೇಳಿದ ಮಾತು ಇದು: "ಅಳೆಯೋನ್ ಕೈ ನೋಡವ್ವ, ಬಾಯ್ ನೋಡ್ಬೇಡ. ಬಾಯಿ ಯಾವ್ ಅಳ್ತೆ ಬೇಕಾದ್ರೂ ಏಳ್ತದೆ." ಅವತ್ತಿನಿಂದ ನಾನು ಎಲ್ಲರ ಕೈ ನೋಡುತ್ತಾ ಬಂದೆ. ಕೊನೆಗೆ ನಿಮ್ಮ ಕೈಯನ್ನೂ ನೋಡಿದೆ.

ನೀವು ಓದಿದ್ದು ನಾಲ್ಕನೇ ಕ್ಲಾಸು. ಆದರೂ ಮಿಲ್ಲಿನಿಂದ ಚೌಕದ ತುಂಡು, ದುಂಡನೆಯ ತುಂಡು, ಉಳಿದ ಬಳಿದ ಚೂರುಗಳನ್ನೆಲ್ಲ ಉಜ್ಜಿ ನುಣುಪು ಮಾಡಿ ನನಗೆ ಆಡಲು ತಂದುಕೊಡುತ್ತಿದ್ದಿರಿ. ಘನ, ಆಯತಘನ, ಸಿಲಿಂಡರ್ ಎಂಬ ಹೆಸರುಗಳು ಪುಸ್ತಕದಲ್ಲಿ ಬರುವ ಮುಂಚೆಯೇ ಅವು ನನ್ನ ಲಂಗದ ಮಡಿಲಲ್ಲಿದ್ದವು. ಮೈಸೂರಿನ ಕಾಲೇಜಿಗೆ ಸೇರಿಸುವ ದಿನ ನನ್ನ ಕಬ್ಬಿಣದ ಟ್ರಂಕನ್ನು ಹೆಗಲ ಮೇಲೆ ಹೊತ್ತು ಹಾಸ್ಟೆಲ್ಲಿನ ಎರಡು ಮಹಡಿ ಹತ್ತಿದವರು ನೀವು. "ನಮ್ ಪುಟ್ಟಿ ಲೆಕ್ಕದ್ ಮೇಷ್ಟ್ರಾಗ್ತಾಳೆ" ಎಂದು ಅಲ್ಲಿನ ಕಾವಲುಗಾರನಿಗೂ ಹೇಳಿದ್ದಿರಿ. ಇದನ್ನೆಲ್ಲ ನಾನು ಮರೆತಿರಲಿಲ್ಲ ಮಾವ. ನೆನಪಿಟ್ಟುಕೊಂಡೇ ಹಾಗೆ ಮಾಡಿದೆ, ಅದೇ ಹೆಚ್ಚು ಉರಿಯುವುದು.

ಆ ತೇಗದ ಮರ ಅಪ್ಪ ನೆಟ್ಟದ್ದು. ವೀರನಹೊಸಹಳ್ಳಿ ಕಡೆಯ ನಮ್ಮ ಹೊಲದ ಬದುವಿನಲ್ಲಿ, ನಾನು ಹುಟ್ಟಿದ ವರ್ಷ. ಕಾಡಿನಿಂದ ಬರುವ ಆನೆಗಳು ಬೆನ್ನು ತುರಿಸಿಕೊಂಡೂ ತುರಿಸಿಕೊಂಡೂ ಒಂದು ಕಡೆ ಅದರ ತೊಗಟೆ ನುಣ್ಣಗಾಗಿತ್ತು. ಹೊಲ ತಮ್ಮ ಶಿವಶಂಕರನ ಪಾಲಿಗೆ ಹೋಯಿತು, ಮರ ಮಾತ್ರ ಪುಟ್ಟಿಯದು ಎಂದು ಅವ್ವ ಸಾಯುವ ಮುಂಚೆ ಹೇಳಿದ್ದಳು. ಇಲ್ಲಿ ಮನೆ ಕಟ್ಟಿಸಲು ಶುರುಮಾಡಿದಾಗ ಆ ಮರದ ಬಾಗಿಲುಗಳೇ ಆಗಬೇಕು ಎಂದು ಹಟ ಹಿಡಿದೆ. ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟು ಅನುಮತಿ ತಂದವರು ನೀವು. ನಿಂತು ಕಡಿಸಿದವರು ನೀವು. ಹುಣಸೂರಿನ ಮಿಲ್ಲಿಗೆ ಸಾಗಿಸಿ ಅಳೆದು ಕೊಯ್ಯಿಸಿದವರೂ ನೀವೇ. ನಿವೃತ್ತಿಯಾಗಿ ಸರಗೂರಿಗೆ ಹೋಗಿ ಎಂಟು ವರ್ಷವಾಗಿದ್ದರೂ ಯಾರಿಗೇ ಮರ ಅಳೆಯಬೇಕಾದರೂ ನಿಮಗೇ ಫೋನು ಬರುತ್ತಿತ್ತು. ಕೆ.ಆರ್. ನಗರದವರೂ ಬಸ್ಸು ಹತ್ತಿ ಬಂದು ಕರೆದುಕೊಂಡು ಹೋಗುತ್ತಿದ್ದರು. ಮಾರುವವನೂ ಕೊಳ್ಳುವವನೂ ಜಗಳಕ್ಕೆ ನಿಂತರೆ, "ಚಿಕ್ಕಬಸಪ್ಪನ ದಾರ ಸುಳ್ಳಾಡಲ್ಲ ಕಣ್ಲಾ, ಅವ್ರನ್ನೇ ಕರೀರಿ" ಎನ್ನುತ್ತಿದ್ದರು. ನಿಮಗೆ ಇದ್ದ ಆಸ್ತಿ ಅದೊಂದೇ ಮಾತು.

ಅಳೆಯುವ ದಿನ ನಾನು ರಜೆ ಹಾಕಿ ಮಿಲ್ಲಿಗೆ ಬಂದೆ. ನೀವು ಸಂತೋಷಪಟ್ಟಿರಿ. ನನ್ನ ಮನಸ್ಸಿನಲ್ಲಿ ಏನಿತ್ತೋ ನಿಮಗೆ ಗೊತ್ತಿರಲಿಲ್ಲ. ಚಿಕ್ಕವಳಿದ್ದಾಗ ನೀವು ಅಳೆಯುವುದನ್ನು ನೂರು ಸಲ ಕಂಡಿದ್ದರೂ ಆಗ ನನ್ನ ಕಣ್ಣೆಲ್ಲ ತಿರುಗುವ ಗರಗಸದ ಮೇಲಿತ್ತು. ಈ ಸಲ ಕೈ ನೋಡಿದೆ. ದಿಮ್ಮಿಯ ನಡುಮಧ್ಯಕ್ಕೆ ಸೆಣಬಿನ ದಾರ ಸುತ್ತಿದಿರಿ. ಅದನ್ನು ಬಿಚ್ಚಿ ಉದ್ದಕ್ಕೆ ಹಿಡಿಯುವ ಬದಲು ಮಡಿಸಿದಿರಿ. ಮತ್ತೊಮ್ಮೆ ಮಡಿಸಿದಿರಿ. ಟೇಪಿಗೆ ಹಿಡಿದು ನೋಡಿ, ಯಾರಿಗೂ ಏನೂ ಹೇಳದೆ ದಾರವನ್ನು ಜೇಬಿಗೆ ತುರುಕಿ, ಚೀಟಿಯ ಮೇಲೆ ಏನೋ ಗೀಚಿದಿರಿ. ಸುತ್ತಳತೆ ನೋಡಬೇಕಾದವರು ದಾರ ಯಾಕೆ ಮಡಿಸಬೇಕು? ಮಡಿಸಿದ್ದನ್ನು ಯಾಕೆ ಅಷ್ಟು ಬೇಗ ಜೇಬಿಗೆ ಹಾಕಬೇಕು? ನೀವು ಟೀ ಹೇಳಲು ಆಚೆ ಹೋದಾಗ ನಾನು ನನ್ನ ಬ್ಯಾಗಿನ ಟೇಪು ತೆಗೆದು ದಿಮ್ಮಿಗೆ ಸುತ್ತಿ ನೋಡಿದೆ. ನಲವತ್ತನಾಲ್ಕು ಇಂಚು. ಉದ್ದ ಇಪ್ಪತ್ತನಾಲ್ಕು ಅಡಿ. ಟೀ ಬರುವಷ್ಟರಲ್ಲಿ ಟೇಪು ಬ್ಯಾಗಿನೊಳಗಿತ್ತು. ಕಳ್ಳಿಯ ಹಾಗೆ ಅಳೆದವಳು ನಾನು, ಕಳ್ಳ ಎಂದುಕೊಂಡದ್ದು ನಿಮ್ಮನ್ನು.

ಹತ್ತನೇ ತರಗತಿಯ ಮಕ್ಕಳಿಗೆ ಇಪ್ಪತ್ತು ವರ್ಷದಿಂದ ಘನಫಲ ಕಲಿಸುತ್ತಿರುವವಳಿಗೆ ಇದೊಂದು ಲೆಕ್ಕವೇ? ಸುತ್ತಳತೆ ನಲವತ್ತನಾಲ್ಕಾದರೆ ತ್ರಿಜ್ಯ ಏಳು. ಏಳೇಳಲಿ ನಲವತ್ತೊಂಬತ್ತು, ಅದನ್ನು ಇಪ್ಪತ್ತೆರಡರಿಂದ ಗುಣಿಸಿ ಏಳರಿಂದ ಭಾಗಿಸಿದರೆ ನೂರೈವತ್ತನಾಲ್ಕು ಚದರ ಇಂಚು. ಇಪ್ಪತ್ತನಾಲ್ಕು ಅಡಿ ಉದ್ದಕ್ಕೆ ಇಪ್ಪತ್ತೈದು ಘನ ಅಡಿ ದಾಟಿ ಮುಕ್ಕಾಲಿಗೆ ಹತ್ತಿರ. ಮರದವರು ಘನ ಅಡಿಯನ್ನು ಬರೀ ಅಡಿ ಎನ್ನುತ್ತಾರೆ. ಮಿಲ್ಲಿನ ಚೀಟಿಯಲ್ಲಿ ನೀವು ಬರೆದದ್ದು ಇಪ್ಪತ್ತು ಅಡಿ ಚಿಲ್ಲರೆ. ಮನೆಗೆ ಬಂದ ಪಟ್ಟಿ ಹಲಗೆಗಳನ್ನು ಒಂದೊಂದಾಗಿ ಅಳೆದರೆ ಅದಕ್ಕಿಂತಲೂ ತುಸು ಕಡಿಮೆಯೇ ಬಂತು. ಅದು ಗರಗಸದ ಪುಡಿ ಎಂದು ಉದಾರವಾಗಿ ಬಿಟ್ಟುಕೊಟ್ಟೆ. ಆದರೆ ಚೀಟಿಗೂ ನನ್ನ ಲೆಕ್ಕಕ್ಕೂ ನಡುವೆ ಐದೂವರೆ ಅಡಿ. ಹೆಚ್ಚಿಲ್ಲ, ಕಡಿಮೆಯಿಲ್ಲ, ಸರಿಯಾಗಿ ಐದೂವರೆ. ಎರಡು ಬಾಗಿಲಿನ ಚೌಕಟ್ಟಿಗೆ ಸಾಕು. ಮರ ಸವೆದು ಹೋದರೆ ಹೀಗೆ ಲೆಕ್ಕ ಇಟ್ಟುಕೊಂಡು ಸವೆಯುವುದಿಲ್ಲ, ಯಾರೋ ತೆಗೆದಿದ್ದಾರೆ ಎಂದು ನನಗೆ ಖಾತ್ರಿಯಾಯಿತು.

ಒಮ್ಮೆ ಅನುಮಾನ ಹೊಕ್ಕರೆ ಕಂಡದ್ದೆಲ್ಲ ಅದಕ್ಕೆ ಸಾಕ್ಷಿ. ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಟ್ರ್ಯಾಕ್ಟರು ಒಂದು ಗಂಟೆಯ ದಾರಿ, ಹಲಗೆ ಹೊತ್ತು ತಂದದ್ದು ನಾಲ್ಕು ಗಂಟೆಯ ಮೇಲೆ. ಕಂಪಲಾಪುರದ ಹತ್ತಿರ ಟೈರು ಪಂಚರ್ ಎಂದಿರಿ. ಟೈರಿನ ಹತ್ತಿರ ಹೋಗಿ ನೋಡಿದೆ, ನಾಲ್ಕೂ ಟೈರಿನ ಮೇಲೂ ಒಂದೇ ರೀತಿ ಮಣ್ಣು. ಆಮೇಲೆ ಗೌರಿಹಬ್ಬದ ಬಾಗಿನ ತೆಗೆದುಕೊಳ್ಳಲು ಸರಗೂರಿಗೆ ಬಂದಾಗ ನಿಮ್ಮ ಪಡಸಾಲೆಯಲ್ಲಿ ಒಂದು ಹೊಸ ತೇಗದ ಬೆಂಚು. ಅತ್ತೆ ಒಳಗೆ ಹೋದ ಕೂಡಲೇ ನಾನು ಬಗ್ಗಿ ಅದನ್ನು ಮೂಸಿ ನೋಡಿದೆ ಮಾವ! ಪಾಲಿಶಿನ ವಾಸನೆ ಬಿಟ್ಟರೆ ಬೇರೇನೂ ಬರಲಿಲ್ಲ. ಆ ಬೆಂಚು ಯಾವ ಮರದ್ದು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳುವ ಆಸೆ ಈಗಲೂ ಇದೆ, ಸುಳ್ಳು ಯಾಕೆ ಹೇಳಲಿ. ಕೇಳುವುದಿಲ್ಲ.

ಗೃಹಪ್ರವೇಶದ ದಿನವನ್ನು ನೀವು ಮರೆತಿರುವುದಿಲ್ಲ. ನಾನೂ ಮರೆತಿಲ್ಲ, ಆದರೂ ಬರೆಯಬೇಕು. ಮೊದಲ ಪಂಕ್ತಿಗೆ ನೀವು ಕುಳಿತಿದ್ದಿರಿ. ನಿಮ್ಮ ಪಕ್ಕದಲ್ಲಿ ಮರ ಕೊಯ್ದ ಮಿಲ್ಲಿನ ಕೆಲಸಗಾರರು, ಎದುರು ಸಾಲಿನಲ್ಲಿ ನಮ್ಮ ಶಾಲೆಯವರು. ಜಿಲ್ಲೆಯ ಗಣಿತ ಶಿಕ್ಷಕರಿಗೆ ತರಬೇತಿ ಕೊಡಲು ನನ್ನನ್ನು ಆರಿಸಿದ ವಾರ ಅದು. ನಮ್ಮ ಹೆಡ್‌ಮಾಸ್ಟರು ನಂಜುಂಡೇಶ್ ಅದನ್ನು ಪಂಕ್ತಿಗೆಲ್ಲ ಸಾರಿ ಹೇಳಿ, ಒಬ್ಬಟ್ಟು ಮುರಿಯುತ್ತಾ, "ಬಾಗ್ಲು ಬಾಳ ಚೆನ್ನಾಗದೆ ಮೇಡಂ, ಒಂದೇ ಮರದ್ದಾ?" ಎಂದರು.

ನನ್ನ ನಾಲಿಗೆ ಅದಕ್ಕೇ ಕಾದಿತ್ತು. "ಒಂದೇ ಮರ ಸರ್. ಇಪ್ಪತ್ತೈದು ಅಡಿ ಚಿಲ್ರೆ ಇತ್ತು, ಮನೆಗೆ ಬಂದಿದ್ದು ಇಪ್ಪತ್ತು. ಐದೂವರೆ ಅಡಿಗೆ ದಾರೀಲಿ ಕಾಲು ಬಂದ್ಬುಡ್ತು. ಎಲ್ಲಿಗೆ ಓಯ್ತು ಅಂತ ನಮ್ ಮಾವನ್ನೇ ಕೇಳಿ, ಅಳ್ದೋರು ಅವ್ರೇ" ಎಂದೆ. ನಗುತ್ತಲೇ ಅಂದೆ, ಆದರೆ ತಮಾಷೆಗೆ ಅಂದದ್ದಲ್ಲ ಎಂದು ಎಲ್ಲರಿಗೂ ಗೊತ್ತಾಯಿತು. ಅಷ್ಟಕ್ಕೇ ಬಿಟ್ಟೆನೇ? ಆಮಂತ್ರಣ ಪತ್ರಿಕೆಯ ಹಿಂದೆ ಲೆಕ್ಕ ಮಾಡಿ ಹೆಡ್‌ಮಾಸ್ಟರ ಕೈಗೆ ಕೊಟ್ಟೆ. ಅವರು ಎಡಗೈಯಲ್ಲಿ ಹಿಡಿದು ತುಟಿ ಅಲ್ಲಾಡಿಸುತ್ತಾ ಲೆಕ್ಕ ಹಾಕಿ, "ಮೇಡಮ್ಮೋರ ಲೆಕ್ಕ ಸರಿಯಾಗೇ ಅದೆಯಲ್ಲ" ಎಂದರು. ಪಂಕ್ತಿಯಲ್ಲಿ ಒಬ್ಬಿಬ್ಬರು ನಕ್ಕರು. ಶಿವಶಂಕರ ತಲೆ ತಗ್ಗಿಸಿದ.

ನೀವು ಬಾಯಿಗೆ ಒಯ್ಯುತ್ತಿದ್ದ ತುತ್ತನ್ನು ಎಲೆಗೆ ಇಟ್ಟಿರಿ. ನನ್ನ ಮುಖ ನೋಡಲಿಲ್ಲ, ಹೆಡ್‌ಮಾಸ್ಟರ ಮುಖ ನೋಡಿದಿರಿ. ಆಮೇಲೆ, "ನಮ್ ಪುಟ್ಟಿ ಲೆಕ್ಕ ತಪ್ಪಾಕಿಲ್ಲ ಬುಡಿ ಸಾ. ನಂಗೇ ವಯಸ್ಸಾಯ್ತು, ಕಣ್ಣು ಮಂಜು" ಎಂದಿರಿ. ಕೈ ತೊಳೆದು, ಟವೆಲು ಹೆಗಲಿಗೆ ಹಾಕಿ, ಸರಗೂರಿನ ಬಸ್ಸಿಗೆ ಹೊತ್ತಾಯಿತೆಂದು ಹೊರಟೇಬಿಟ್ಟಿರಿ. ನಾನು ತಡೆಯಲಿಲ್ಲ. ಒಪ್ಪಿಕೊಂಡ ಹಾಗಾಯಿತಲ್ಲ ಎಂದು ಒಳಗೇ ಹಿಗ್ಗಿದೆ.

ಆ ಮಾತು ನನ್ನ ಮನೆಯಲ್ಲೇ ಉಳಿಯಲಿಲ್ಲ. ವಾರದೊಳಗೆ ಹುಣಸೂರಿನ ಮಿಲ್ಲುಗಳಿಗೆ ಮುಟ್ಟಿತು, ನಾನು ಹೇಗೆ ಲೆಕ್ಕ ಹಾಕಿದೆ ಎಂಬುದು ಬಿಟ್ಟು ಐದೂವರೆ ಅಡಿ ಕಾಣೆ ಎಂಬುದಷ್ಟೇ. "ಅಕ್ಕನ್ ಮಗ್ಳಿಗೇ ಕೈ ಕೊಟ್ಟೋನು ನಮ್ಗೆ ಬುಟ್ಟಾನಾ?" ಎಂದರಂತೆ. ನಿಮ್ಮ ಕಣ್ಣು ಮಂಜಾಗಿದೆ ಎಂದವರು ಮರ್ಯಾದಸ್ಥರು. ನಿಮಗೆ ಫೋನು ಬರುವುದು ನಿಂತಿತು. ನೀವು ಸರಗೂರು ಬಿಟ್ಟು ಹೊರಡುವುದೂ ನಿಂತಿತು. ಇದೆಲ್ಲ ನನ್ನ ಕಿವಿಗೆ ಬೀಳುತ್ತಿತ್ತು. ಮಾಡಿದ್ದುಣ್ಣೋ ಮಹರಾಯ ಎಂದುಕೊಂಡು ಸುಮ್ಮನಿದ್ದೆ. ಎರಡು ವರ್ಷ.

ಇನ್ನೂ ಒಂದು ನಾಚಿಕೆಗೇಡಿನ ಸಂಗತಿ ಇದೆ. ಸಿಲಿಂಡರಿನ ಪಾಠ ಬಂದಾಗ ನಾನು ಮಕ್ಕಳಿಗೆ ಅದೇ ಲೆಕ್ಕ ಕೊಡುತ್ತಿದ್ದೆ. ದಿಮ್ಮಿಯ ಸುತ್ತಳತೆ ನಲವತ್ತನಾಲ್ಕು ಇಂಚು, ಉದ್ದ ಇಪ್ಪತ್ತನಾಲ್ಕು ಅಡಿ, ಅಳೆದವನು ಇಪ್ಪತ್ತು ಅಡಿ ಚಿಲ್ಲರೆ ಎಂದು ಬರೆದರೆ ಕಾಣೆಯಾದ ಮರವೆಷ್ಟು? ಈ ವರ್ಷವೂ ಕೊಟ್ಟೆ. ಎಲ್ಲರೂ ಐದೂವರೆ ಎಂದು ಬರೆದರು. ಪೂಜಾ ಎಂಬ ಒಬ್ಬ ಹುಡುಗಿ ಮಾತ್ರ, "ಏನೂ ಕಾಣೆಯಾಗಿಲ್ಲ" ಎಂದು ಬರೆದಿದ್ದಳು. ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದೆ. ಅವಳು ಎದ್ದು ನಿಂತು, "ಮಿಸ್, ನಮ್ಮಪ್ಪ ಮಿಲ್ಲಲ್ಲಿ ಕೆಲ್ಸ ಮಾಡಾದು. ಮರ ಇಂಗಲ್ಲ ಮಿಸ್ ಅಳೆಯಾದು" ಎಂದಳು. ತನ್ನ ಜಡೆಯ ರಿಬ್ಬನ್ನು ಬಿಚ್ಚಿ, ನಲವತ್ತನಾಲ್ಕು ಇಂಚಿಗೆ ಗುರುತು ಮಾಡಿ, ಮಡಿಸಿದಳು. ಮತ್ತೊಮ್ಮೆ ಮಡಿಸಿದಳು. ಹನ್ನೊಂದು ಇಂಚು. ಹನ್ನೊಂದನ್ನು ಹನ್ನೊಂದರಿಂದ ಗುಣಿಸಿ ನೂರಿಪ್ಪತ್ತೊಂದು, ಅದನ್ನು ಉದ್ದದಿಂದ ಗುಣಿಸಿ, ಕಪ್ಪುಹಲಗೆಯ ಮೇಲೆ ಇಪ್ಪತ್ತು ಅಡಿ ಚಿಲ್ಲರೆ ಎಂದು ಬರೆದಳು.

ನನಗೆ ಬಂದ ಮೊದಲ ಯೋಚನೆ ಏನು ಗೊತ್ತೇ? ಇವಳಿಗೆ ನೀವೇ ಹೇಳಿಕೊಟ್ಟು ಕಳಿಸಿದ್ದೀರಿ ಎಂದು.

ಮರುದಿನ ಶನಿವಾರ. ಮಧ್ಯಾಹ್ನ ಹುಣಸೂರಿನ ಬಸ್ಸು ಹತ್ತಿದೆ. ನಿಮ್ಮ ಮಿಲ್ಲು ಬಿಟ್ಟು, ನಿಮ್ಮ ಪರಿಚಯ ಕಡಿಮೆ ಇರುವ ಮೂರು ಮಿಲ್ಲುಗಳನ್ನು ಆರಿಸಿಕೊಂಡೆ. ನನ್ನ ಹೆಸರು ಹೇಳಲಿಲ್ಲ. ಮೂರು ಕಡೆಯೂ ಒಂದೇ ಪ್ರಶ್ನೆ: ನಲವತ್ತನಾಲ್ಕು ಸುತ್ತು, ಇಪ್ಪತ್ತನಾಲ್ಕು ಉದ್ದ, ಎಷ್ಟಡಿ? ಒಬ್ಬ ದಾರ ಮಡಿಸಿದ, ಇನ್ನೊಬ್ಬ ಅಳತೆಪಟ್ಟಿಯ ಕೊಳಕು ಪುಸ್ತಕವೊಂದರ ಹಾಳೆ ತಿರುವಿದ. ಇಬ್ಬರೂ ಇಪ್ಪತ್ತು ಎಂದರು. ಮೂರನೆಯ ಮಿಲ್ಲಿನಲ್ಲಿ ಅಂಕಯ್ಯ ಎಂಬ ಮುದುಕರಿದ್ದರು. ಅವರೂ ಇಪ್ಪತ್ತು ಎಂದಾಗ ನಾನು, ಸರಿಯಾಗಿ ನೋಡಿ, ದುಂಡು ಮರದ ಲೆಕ್ಕಕ್ಕೆ ಇಪ್ಪತ್ತೈದು ದಾಟಬೇಕಲ್ಲ ಎಂದೆ. ಅವರು ಬೀಡಿ ಆರಿಸಿ ನನ್ನ ಮುಖ ನೋಡಿದರು. "ಮರ ದುಂಡಗದೆ ಸರಿ ಕಣವ್ವ. ನೀ ಮಾಡ್ಸೋ ಬಾಗ್ಲು ದುಂಡಗಿರ್ತದಾ?"

ಆಮೇಲೆ ಅವರೇ ಕೊಯ್ಯುತ್ತಿದ್ದ ದಿಮ್ಮಿಯ ಹತ್ತಿರ ಕರೆದುಕೊಂಡು ಹೋಗಿ ತೋರಿಸಿದರು. ದಾರವನ್ನು ನಾಲ್ಕು ಮಡಿಕೆ ಮಾಡುವುದೆಂದರೆ ದುಂಡು ಮರವನ್ನು ಚೌಕ ಎಂದು ಎಣಿಸುವುದು. ತೊಗಟೆ, ಅದರ ಒಳಗಿನ ಗೆದ್ದಲು ತಿನ್ನುವ ಬಿಳಿ ಪದರ, ನಾಲ್ಕು ಬದಿಯ ಡೊಂಕು ಚಕ್ಕೆ, ಇವು ಯಾರ ಬಾಗಿಲಿಗೂ ಬರುವುದಿಲ್ಲವಾದ್ದರಿಂದ ಅಳೆಯುವಾಗಲೇ ಬಿಟ್ಟುಬಿಡುತ್ತಾರೆ. ತಾತ ಮುತ್ತಾತನ ಕಾಲದಿಂದ ಮರದವರ ಅಳತೆ ಇದೇ. ನೂರೈವತ್ತನಾಲ್ಕರಲ್ಲಿ ನೂರಿಪ್ಪತ್ತೊಂದು ಕಳೆದರೆ ಮೂವತ್ತಮೂರು. ಇಪ್ಪತ್ತನಾಲ್ಕು ಅಡಿ ಉದ್ದಕ್ಕೆ ಸರಿಯಾಗಿ ಐದೂವರೆ. ಅಲ್ಲೇ ನಿಂತು ಲೆಕ್ಕ ಹಾಕಿದೆ. ನೀವು ತೆಗೆದುಕೊಂಡಿರಿ ಎಂದು ನಾನು ಸಾರಿದ ಮರ ಯಾರೋ ನೀರೊಲೆಗೆ ಹಾಕಿ ಸ್ನಾನ ಮಾಡಿದ ಚಕ್ಕೆ.

ಅಲ್ಲಿಗೂ ನನ್ನ ಬುದ್ಧಿ ಸುಮ್ಮನಾಗಲಿಲ್ಲ. ಸರಿ, ಅಳತೆ ಸರಿಯಿತ್ತು. ಹಾಗಿದ್ದರೆ ಒಂದು ಮಾತು ಹೇಳಬಹುದಿತ್ತಲ್ಲ? ದಾರ ತೆಗೆದು ಪಂಕ್ತಿಯಲ್ಲೇ ಮಡಿಸಿ ತೋರಿಸಿದ್ದರೆ ಮುಗಿಯುತ್ತಿತ್ತು. ಯಾಕೆ ಹೇಳಲಿಲ್ಲ? ನಾನು ತಪ್ಪಿನಲ್ಲೇ ಬಿದ್ದಿರಲಿ, ಎಂದಾದರೂ ಗೊತ್ತಾಗಿ ಒದ್ದಾಡಲಿ ಎಂದು ಬೇಕೆಂದೇ ಸುಮ್ಮನಿದ್ದಿರೇ? ಹಾಗಂತ ನಿಮ್ಮ ಮೇಲೆ ಹೊಸದೊಂದು ಅನುಮಾನ ಕಟ್ಟಿಕೊಂಡು ಹುಣಸೂರಿನಲ್ಲೇ ಪೂಜಾಳ ಅಪ್ಪನನ್ನು ಹುಡುಕಿಕೊಂಡು ಹೋದೆ.

ಅವನು ಮಾದೇಶ್. ನನ್ನ ಮರ ಕೊಯ್ದವನು, ಟ್ರ್ಯಾಕ್ಟರಿನಲ್ಲಿ ಹಲಗೆಯ ಜೊತೆ ಬಂದವನು, ಗೃಹಪ್ರವೇಶದ ಪಂಕ್ತಿಯಲ್ಲಿ ನಿಮ್ಮ ಬಲಕ್ಕೆ ಕುಳಿತು ಉಂಡವನು. ಪಂಚರ್ ಆದದ್ದು ಟ್ರೇಲರಿನ ಚಕ್ರವಂತೆ, ನಾನು ಟ್ರ್ಯಾಕ್ಟರಿನ ಟೈರು ನೋಡಿದ್ದೆ. ಅವನು ನನ್ನನ್ನು ಕೂರಲು ಹೇಳಲಿಲ್ಲ. ನಿಂತುಕೊಂಡೇ ಹೇಳಿದ:

"ಅವತ್ತು ಪಂಕ್ತೀಲಿ ನಾನೇ ಏಳಕ್ ಓದೆ ಮೇಡಮ್ಮೋರೇ. ನಿಮ್ ಮಾವ ಎಲೆ ಕೆಳಗಿಂದ ನನ್ ತೊಡೆ ಅದುಮಿ ಇಡ್ಕಂಡ್ರು. 'ಸುಮ್ಕಿರ್ಲಾ ಮಾದೇಶ. ಅವಳ ಎಡ್ ಮಾಷ್ಟ್ರು ಎದ್ರಿಗೇ ಕುಂತವ್ರೆ. ಈಗ ನಾವ್ ಬಾಯ್ ಬುಟ್ರೆ ಜಿಲ್ಲೆಗೇ ಲೆಕ್ಕ ಏಳ್ಕೊಡೋಳು ಮರ ಅಳೆಯಾಕ್ ಬರ್ದೋಳಾಯ್ತಾಳೆ. ಮಗಾ ತಡ್ಕಳಾಕಿಲ್ಲ' ಅಂದ್ರು. ಬಸ್ ಸ್ಟಾಂಡಲ್ಲಿ ಇನ್ನೊಂದ್ ಸಲ ಆಣೆ ಇಕ್ಕುಸ್ಕಂಡ್ರು. ಎಲ್ರೂ ಕಳ್ಳ ಅಂದಾಗ್ಲೂ ನಾನ್ ಬಾಯ್ ಮುಚ್ಕಂಡೇ ಇದ್ದೆ. ಮಗ್ಳಿಗೆ ಆಣೆ ಇರ್ಲಿಲ್ಲ, ಅವ್ಳು ಬಾಯ್ ಬುಟ್ಟವ್ಳೆ."

ಮಾವ, ಅವತ್ತು ಬಸ್ಸಿನಲ್ಲಿ ನಾನು ಅತ್ತುಬಿಟ್ಟೆ. ಆದರೆ ಅಳುವಿನ ಜೊತೆ ಸಿಟ್ಟೂ ಇತ್ತು, ಅದನ್ನೂ ಹೇಳಿಬಿಡುತ್ತೇನೆ. ಯಾರು ನಿಮ್ಮನ್ನು ನನ್ನ ಕಾವಲಿಗೆ ಇಟ್ಟಿದ್ದರು? ತಡೆದುಕೊಳ್ಳಲಾರಳು ಎಂದು ಯಾರು ಹೇಳಿದರು? ನಾನು ನಿಮ್ಮನ್ನು ಅನುಮಾನಿಸಿದ್ದು ಮೂರು ತಾಲೂಕಿಗೆ ಗೊತ್ತು. ನೀವು ನನ್ನನ್ನು ಅನುಮಾನಿಸಿದ್ದು ಮಾದೇಶನನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಈ ಹುಡುಗಿ ನಾಲ್ಕು ಜನರ ಮುಂದೆ ತಪ್ಪು ಒಪ್ಪಿಕೊಳ್ಳುವವಳಲ್ಲ ಎಂದು ತಾನೇ ನೀವು ಅಂದುಕೊಂಡದ್ದು?

ಹಾಗೆ ಬೈದುಕೊಳ್ಳುತ್ತಾ ಮನೆ ಸೇರಿದವಳು, ಸೋಮವಾರ ಶಾಲೆಗೆ ಹೋಗಿ ಏನೂ ಹೇಳಲಿಲ್ಲ. ಮಂಗಳವಾರ ಪೂಜಾಳ ಪುಸ್ತಕದ ಅಡ್ಡಗೆರೆಯ ಪಕ್ಕ ಸಣ್ಣದಾಗಿ ಸರಿ ಗುರುತು ಹಾಕಿದೆ, ಬೇರೆ ಮಕ್ಕಳಿಗೆ ಕಾಣದ ಹಾಗೆ. ಬುಧವಾರ ತಲೆನೋವು. ಗುರುವಾರ ಇನ್ಸ್‌ಪೆಕ್ಷನ್ ಎಂಬ ನೆವ. ಹೀಗೆ ಹತ್ತೊಂಬತ್ತು ದಿನ ಮಾವ. ನಿಮಗೆ ಏಳು ಸಲ ಫೋನು ಮಾಡಿದ್ದೂ ಈ ದಿನಗಳಲ್ಲೇ. ನೀವೊಬ್ಬರು ಕ್ಷಮಿಸಿಬಿಟ್ಟರೆ ಉಳಿದವರ ಮುಂದೆ ಹೇಳುವುದು ತಪ್ಪುತ್ತದೆ ಎಂಬ ದುರಾಸೆಯಿಂದ. ನನ್ನ ಅನುಮಾನ ಸುಳ್ಳಾಯಿತು. ನಿಮ್ಮದು ನಿಜವೇ ಆಗಿತ್ತು.

ನೀವು ಫೋನಿಗೆ ಬರದೇ ಇದ್ದದ್ದೇ ಒಳ್ಳೆಯದಾಯಿತು. ಮೊನ್ನೆ ಬುಧವಾರ ರಜೆ ಹಾಕಿ ನಿಮ್ಮ ಮಿಲ್ಲಿಗೆ ಹೋದೆ. ಊಟದ ಹೊತ್ತಿಗೆ ಗರಗಸ ನಿಲ್ಲಿಸಿದಾಗ, ಅಲ್ಲಿದ್ದ ಹದಿನಾಲ್ಕು ಜನರ ಮುಂದೆ ನಿಂತು, ಕಣ್ಣು ಮಂಜಾದದ್ದು ನಮ್ಮ ಮಾವನದ್ದಲ್ಲ, ನನ್ನದು, ಅವರ ಅಳತೆ ಸರಿಯಿತ್ತು, ಲೆಕ್ಕ ತಪ್ಪಿದವಳು ನಾನು ಎಂದು ಹೇಳಿದೆ. ಒಬ್ಬ ಬುತ್ತಿ ಮುಚ್ಚಿ, "ಈಗ್ ಬಂದ್ರಾ?" ಎಂದ.

ಮುಂದಿನ ಭಾನುವಾರ ಸರಗೂರಿಗೆ ಬರುತ್ತೇನೆ. ಕ್ಷಮಿಸಿ ಎಂದು ಕೇಳಲು ಬರುತ್ತಿಲ್ಲ, ಆ ಮಾತು ನಾನು ಮಾಡಿದ್ದಕ್ಕೆ ಚಿಕ್ಕದು. ಬೈಸಿಕೊಳ್ಳಲು ಬರುತ್ತೇನೆ. ಎರಡು ವರ್ಷದ್ದನ್ನು ಒಟ್ಟಿಗೇ ಬೈಯಿರಿ. ನೀವು ಸುಮ್ಮನೆ ನಕ್ಕು, ಊಟ ಮಾಡವ್ವ ಎಂದುಬಿಡುತ್ತೀರಿ ಎಂಬ ಅನುಮಾನವೇ ಈಗ ನನಗೆ ದೊಡ್ಡ ಭಯ.

ಕೊನೆಯದೊಂದು ಹೇಳಬೇಕು. ನಿನ್ನೆ ಶನಿವಾರ ಸ್ಟಾಫ್ ರೂಮಿನಲ್ಲಿ ಎಲ್ಲರೂ ಇದ್ದಾಗ ಹೇಳಿದೆ. ಎದ್ದು ನಿಂತು, ಪೂಜಾಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ದುಂಡು ಮರದ ಕಥೆಯನ್ನೆಲ್ಲ ಹೇಳಿದೆ. ಹೆಡ್‌ಮಾಸ್ಟರು ಗಂಟಲು ಸರಿಮಾಡಿಕೊಂಡು, ಅವತ್ತು ನಾನೂ ಸರಿ ಅಂದಿದ್ದೆನಲ್ಲ ಎಂದರು. ಡ್ರಾಯಿಂಗ್ ಮೇಷ್ಟ್ರು, ತರಬೇತಿಗೆ ಇನ್ನು ಮೇಲೆ ಮೇಡಂ ಬದಲು ಪೂಜಾಳನ್ನೇ ಕಳಿಸೋಣ ಎಂದರು. ಎಲ್ಲರೂ ನಕ್ಕರು. ಎರಡು ನಿಮಿಷ ನಕ್ಕಿರಬಹುದು. ಆಮೇಲೆ ಗಂಟೆ ಹೊಡೆಯಿತು, ಹಾಜರಿ ಪುಸ್ತಕ ತೆಗೆದುಕೊಂಡು ಅವರವರ ಕ್ಲಾಸಿಗೆ ಹೋದರು.

ಅಷ್ಟೇ ಮಾವ. ಎರಡು ನಿಮಿಷದ ನಗು. ಅದು ನನಗೆ ತಾಗದಿರಲಿ ಎಂದು ನೀವು ನಲವತ್ತು ವರ್ಷದ ಹೆಸರು ಕೊಟ್ಟಿರಿ.

ಮಾದಪ್ಪ ನಿಮಗೆ ನೂರು ವರ್ಷ ಆಯಸ್ಸು ಕೊಡಲಿ, ನಿಮ್ಮನ್ನು ಕಳ್ಳ ಎಂದ ಬಾಯಿಗಳೆಲ್ಲ ಆ ಮಾತು ವಾಪಸು ತೆಗೆದುಕೊಳ್ಳುವವರೆಗಾದರೂ. ಅತ್ತೆಗೆ ನನ್ನ ಶರಣು ತಿಳಿಸಿ.

ನಿಮ್ಮ ಪಾದ ಮುಟ್ಟಿ,
ನಿಮ್ಮ ಅಕ್ಕನ ಮಗಳು
ಪುಟ್ಟಿ